‘ನಾಳೆ ಬಾ’ ಎಂದವರು ನಾವೇ



ಅಕ್ಟೋಬರ್ ತಿಂಗಳ ಕೊನೆ. ಜಪಸರದ ಮಾಸ ಮುಗಿಯಲು ಇನ್ನೆರಡೇ ದಿನ ಉಳಿದಿತ್ತು. ಒಂದು ರಾತ್ರಿ ಇದ್ದು ಬರೋಣವೆಂದು ಅಕ್ಕನ ಊರಿಗೆ ಹೋಗಿದ್ದೆ. ಸಂಜೆಯಿಂದಲೇ ಹಿಂಗಾರು ಮಳೆ ಹಿಡಿದುಕೊಂಡಿತ್ತು. ಮೊದಲ ಗುಡುಗಿಗೇ ಕರೆಂಟು ಹೋಯಿತು. ಮೇಣದ ಬತ್ತಿಯ ಬೆಳಕಿನಲ್ಲಿ ಎಲ್ಲರೂ ಮೊಣಕಾಲೂರಿ ಜಪಸರ ಮುಗಿಸಿದೆವು, ಊಟವೂ ಆಯಿತು. ಹಂಚಿನ ಮೇಲೆ ಮಳೆಯ ಸದ್ದು, ಹಿತ್ತಲಲ್ಲಿ ತೆಂಗಿನ ಗರಿಗಳ ಸದ್ದು. ಯಾರಿಗೂ ನಿದ್ದೆ ಬರುವಂತಿರಲಿಲ್ಲ. ಹುರಿದ ಕಡಲೆಕಾಯಿಯ ಮೊರವನ್ನು ನಡುವೆ ಇಟ್ಟುಕೊಂಡು ಕುಳಿತೆವು. ಅಂಥ ರಾತ್ರಿ ನಮ್ಮ ಮನೆಗಳಲ್ಲಿ ಯಾವ ಕಥೆ ಶುರುವಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಅಕ್ಕನ ಅತ್ತೆ ಮೊದಲು ಶುರು ಮಾಡಿದರು. ಕೆರೆ ಏರಿಯ ಹುಣಸೆ ಮರದ ಮೋಹಿನಿ, ಅವಳ ಹಿಂದುಮುಂದಾದ ಪಾದಗಳು. ಗದ್ದೆ ಬಯಲಿನಲ್ಲಿ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಹೊತ್ತಿ ಆರುವ ಕೊಳ್ಳಿದೆವ್ವ. ನಡುರಾತ್ರಿ ಗಾಡಿ ಕಟ್ಟಿಕೊಂಡು ಸಂತೆಗೆ ಹೊರಟವನ ಬೆನ್ನ ಹಿಂದೆ ಕುಳಿತು ಸುಣ್ಣ ಕೇಳಿದ ಹೆಂಗಸು. ಹತ್ತನೆಯ ತರಗತಿಯ ಸೊಸೆ ಬೇಕೆಂದೇ ಬತ್ತಿಯನ್ನು ಊದಿ ಆರಿಸಿದಳು. ಎಲ್ಲರೂ ಕಿರುಚಿಕೊಂಡು ನಕ್ಕೆವು.

ನಾನೂ ಸುಮ್ಮನಿರಲಿಲ್ಲ. 1990ರ ದಶಕದಲ್ಲಿ ನಮ್ಮ ನಾಡಿನ ಊರೂರುಗಳಲ್ಲಿ, ಬೆಂಗಳೂರಿನ ಬೀದಿಗಳಲ್ಲೂ, ಹಬ್ಬಿದ್ದ ಆ ಸುದ್ದಿಯನ್ನು ಹೇಳಿದೆ. ರಾತ್ರಿ ಒಂದು ದೆವ್ವ ಬಂದು ಬಾಗಿಲು ಬಡಿಯುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಬಾಗಿಲು ತೆರೆದವನಿಗೆ ಸಾವು. ಅದಕ್ಕಾಗಿ ಜನ ಬಾಗಿಲ ಮೇಲೆ, ಗೋಡೆಯ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಬಂದು ಓದುತ್ತದೆ, ಹಿಂದಿರುಗುತ್ತದೆ. ಮರುದಿನ ಬಂದರೂ ಅದೇ ಬರಹ. ನಮ್ಮ ಮನೆಯ ಬಾಗಿಲ ಮೇಲೂ ಬರೆದಿತ್ತು. ಒಳಗೆ ಯೇಸುವಿನ ಪವಿತ್ರ ಹೃದಯದ ಪಟ, ಹೊರಗೆ ‘ನಾಳೆ ಬಾ’. ಸೀಮೆಸುಣ್ಣದಲ್ಲಿ ಅದನ್ನು ಬರೆದ ಹುಡುಗ ಇಂದು ನಿಮಗೆ ಪ್ರಬೋಧನೆ ಬರೆಯುತ್ತಿದ್ದಾನೆ.

ಎಲ್ಲರೂ ನಕ್ಕರು. ಅಕ್ಕನ ಮಗನೊಬ್ಬ ನಗಲಿಲ್ಲ. ಎಂಟು ವರ್ಷದವನು, ಅಜ್ಜಿಯ ಸೆರಗು ಹಿಡಿದು ಕುಳಿತಿದ್ದ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದ: “ಮಾವ, ಅಪ್ಪ ಬಂದು ಬಾಗಿಲು ಬಡಿದ್ರೂ ನಾಳೆ ಬಾ ಅನ್ಬೇಕಾ?”

ಮೊರದಲ್ಲಿದ್ದ ಕೈಗಳೆಲ್ಲ ನಿಂತವು.

ನನ್ನ ಭಾವನವರು ಅದೇ ವರ್ಷದ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಕೆಲಸ ಮುಗಿಸಿ ಬೈಕಿನಲ್ಲಿ ಬರುವಾಗ, ಊರಿಗೆ ಎರಡು ಮೈಲಿ ದೂರದ ತಿರುವಿನಲ್ಲಿ ಅಪಘಾತ. ಗುರುಗಳು ಬರುವ ಹೊತ್ತಿಗೆ ಉಸಿರಿರಲಿಲ್ಲ. ಪಾಪನಿವೇದನೆಯಿಲ್ಲ, ಅಂತಿಮ ಅಭ್ಯಂಗನವಿಲ್ಲ. ಆಯುಸ್ಸು ತುಂಬದೆ ಸತ್ತವರು ಅಂತರಪಿಶಾಚಿಗಳಾಗಿ ಅಲೆಯುತ್ತಾರೆಂದು ಶಾಲೆಯ ಹುಡುಗರು ಇವನಿಗೆ ಹೇಳಿದ್ದರಂತೆ. ಆ ತಿರುವಿನಲ್ಲಿ ರಾತ್ರಿ ಯಾರೋ ಕೈ ಅಡ್ಡ ಹಿಡಿಯುತ್ತಾರೆಂದೂ ಹೇಳಿದ್ದರಂತೆ. ಮಗು ಇದನ್ನು ಆರು ತಿಂಗಳು ಒಬ್ಬನೇ ಹೊತ್ತುಕೊಂಡಿದ್ದ. ಅಪ್ಪ ಬರಲಿ ಎಂಬ ಆಸೆ, ಬಂದುಬಿಟ್ಟರೆ ಎಂಬ ಭಯ. ಎರಡೂ ಅವನ ಪುಟ್ಟ ಎದೆಯಲ್ಲೇ ಇದ್ದವು.

ಇಪ್ಪತ್ತು ವರ್ಷಗಳಿಂದ ಪೀಠದ ಬಳಿ ನಿಂತು ಬೋಧಿಸುವ ನನಗೆ ಆ ಕ್ಷಣ ಮಾತು ಹೊರಡಲಿಲ್ಲ. ಉತ್ತರ ಕೊಟ್ಟವರು ಅಜ್ಜಿ. ಆರಿದ್ದ ಬತ್ತಿಯನ್ನು ಮತ್ತೆ ಹಚ್ಚಿ, ಮೊಮ್ಮಗನನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದರು: “ನಿಮ್ಮಪ್ಪ ಬಂದು ನಮ್ಮ ಬಾಗಿಲು ಬಡಿಯಲ್ಲ ಮಗ. ಅವನು ದೇವರ ಹತ್ರ ಹೋಗವ್ನೆ. ಬಾಗಿಲು ಬಡಿಯೋರು ನಾವು. ಅವನಿಗಾಗಿ ದಿನಾ ದೇವರ ಬಾಗಿಲು ಬಡೀತಾ ಇಲ್ವಾ? ಜಪಸರ ಅಂದ್ರೆ ಇನ್ನೇನು?”

ಸರೋವರದ ಮೇಲಿನ ಭಯ

ಪ್ರಿಯ ವಾಚಕರೇ, ದೆವ್ವದ ಕಥೆ ಹೇಳುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ಒಂದೇ ಚಾಪೆಯ ಮೇಲೆ ಒತ್ತೊತ್ತಾಗಿ ಕುಳಿತು, ಟೀವಿ ಮೊಬೈಲುಗಳ ಗೊಡವೆಯಿಲ್ಲದೆ, ಹಿರಿಯರ ಬಾಯಿಂದ ಕಥೆ ಕೇಳುವುದು ಇಂದಿನ ಮಕ್ಕಳಿಗೆ ಎಷ್ಟು ಸಿಕ್ಕುತ್ತದೆ? ಆದರೆ ಕಥೆ ಮುಗಿದ ಮೇಲೆ ಉಳಿಯುವ ಭಯವನ್ನು ಮಗು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ನಾವು ಗಮನಿಸಬೇಕು.

ಇಂಥ ಭಯ ಪ್ರೇಷಿತರಿಗೂ ಇತ್ತು. ಸಂತ ಮತ್ತಾಯರ ಶುಭಸಂದೇಶದ 14ನೆಯ ಅಧ್ಯಾಯವನ್ನು ತೆರೆದು ನೋಡಿ. ರಾತ್ರಿಯ ನಾಲ್ಕನೆಯ ಜಾವ, ಎದುರುಗಾಳಿ, ಅಲೆಗಳಿಗೆ ಸಿಕ್ಕಿದ ದೋಣಿ. ನೀರಿನ ಮೇಲೆ ನಡೆದು ಬರುತ್ತಿದ್ದ ಪ್ರಭುವನ್ನು ಕಂಡು ಶಿಷ್ಯರು ಭೂತವೆಂದು ಚೀರಿದರು. ಪುನರುತ್ಥಾನದ ಸಂಜೆಯೂ ಹಾಗೆಯೇ ಆಯಿತೆಂದು ಸಂತ ಲೂಕರು 24ನೆಯ ಅಧ್ಯಾಯದಲ್ಲಿ ಬರೆಯುತ್ತಾರೆ. ಆಗ ಯೇಸುಸ್ವಾಮಿ ಅವರನ್ನು ಗದರಿಸಿ ಓಡಿಸಲಿಲ್ಲ, ಅವರ ಭಯವನ್ನು ಕಂಡು ನಗಲೂ ಇಲ್ಲ. ಗಾಯಗೊಂಡ ಕೈಕಾಲುಗಳನ್ನು ತೋರಿಸಿದರು, ಮುಟ್ಟಿ ನೋಡಿರೆಂದರು, ಸುಟ್ಟ ಮೀನಿನ ತುಂಡನ್ನು ಅವರೆದುರಿಗೇ ತಿಂದರು. ಅಂಜಿದ ಮಗುವಿನ ಪಕ್ಕ ಕುಳಿತು ಒಂದು ತುತ್ತು ಉಣ್ಣುವ ತಾಯಿಯಂತೆ ನಡೆದುಕೊಂಡರು. ಅಪರಿಚಿತವೆಂದು ಅಂಜಿದ ಆಕೃತಿ ತಮ್ಮನ್ನು ಎಲ್ಲರಿಗಿಂತ ಹೆಚ್ಚಾಗಿ ಪ್ರೀತಿಸಿದ ಪ್ರಭುವೇ ಎಂದು ಶಿಷ್ಯರು ಅರಿತರು. ನಮ್ಮ ವಿಶ್ವಾಸದ ತಿರುಳು ಇದೇ.

ಸತ್ತವರು ಎಲ್ಲಿದ್ದಾರೆ?

ಸತ್ತವರು ಮರದಲ್ಲಿ ತೂಗುವುದಿಲ್ಲ, ತಿರುವಿನಲ್ಲಿ ಕಾದಿರುವುದಿಲ್ಲ. ಮರಣದ ಕ್ಷಣದಲ್ಲೇ ಪ್ರತಿ ಆತ್ಮವೂ ತನ್ನ ತೀರ್ಪಿಗಾಗಿ ದೇವರ ಸನ್ನಿಧಿಯನ್ನು ಸೇರುತ್ತದೆಂದು ಧರ್ಮಸಭೆ ಬೋಧಿಸುತ್ತದೆ. ದೇವರ ಸ್ನೇಹದಲ್ಲಿ ಮಡಿದೂ ಇನ್ನೂ ಪೂರ್ಣವಾಗಿ ಶುದ್ಧರಾಗದವರು ಶುದ್ಧೀಕರಣ ಸ್ಥಳದಲ್ಲಿರುತ್ತಾರೆ. ಅವರ ರಕ್ಷಣೆ ನಿಶ್ಚಿತ. ನಮ್ಮ ಪ್ರಾರ್ಥನೆ ಅವರಿಗೆ ನೆರವಾಗುತ್ತದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ ಇದು ಸ್ಪಷ್ಟವಾಗಿದೆ. ಸತ್ತವರನ್ನು ಕರೆಸಿ ಮಾತನಾಡಿಸುವುದು, ಶಕುನ ಕೇಳುವುದು, ಮಂತ್ರವಾದಿಗಳ ಬಳಿ ಹೋಗುವುದು, ಇವೆಲ್ಲವನ್ನೂ ತ್ಯಜಿಸಬೇಕೆಂದು ಅದೇ ಗ್ರಂಥ ಹೇಳುತ್ತದೆ. ಅರಸ ಸೌಲನು ವೇಷ ಮರೆಸಿಕೊಂಡು ರಾತ್ರಿಯಲ್ಲಿ ಎಂದೋರಿನ ಹೆಂಗಸಿನ ಬಳಿಗೆ ಹೋಗಿ ಹಿಂದಿರುಗಿದಾಗ ಅವನಿಗೆ ಸಿಕ್ಕಿದ್ದು ಸಮಾಧಾನವಲ್ಲ, ಇನ್ನಷ್ಟು ಭಯ.

‘ಪಾಪನಿವೇದನೆ ಮಾಡದೆ ಹೋದರಲ್ಲ, ಸ್ವಾಮಿ’ ಎಂದು ಅಳುವ ವಿಧವೆಯರನ್ನು ನಾನು ಕಂಡಿದ್ದೇನೆ. ನನ್ನ ಅಕ್ಕನೂ ಅವರಲ್ಲೊಬ್ಬಳು. ಅವರಿಗೆ ಎರಡು ಮಾತು ಹೇಳಬಯಸುತ್ತೇನೆ.

ಮೊದಲನೆಯದು ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯದ್ದು. ಯುದ್ಧದಲ್ಲಿ ಮಡಿದ ಯೆಹೂದಿ ಸೈನಿಕರ ಅಂಗಿಯೊಳಗೆ ವಿಗ್ರಹಗಳ ತಾಯತಗಳು ಸಿಕ್ಕವು. ಅವರು ತಪ್ಪು ಮಾಡಿಯೇ, ಅದೂ ಹಠಾತ್ತನೆ, ಸತ್ತಿದ್ದರು. ಆದರೂ ಯೂದ ಮಕ್ಕಬಿಯ ಅವರನ್ನು ಕೈಬಿಡಲಿಲ್ಲ. ಸುಮಾರು ಎರಡು ಸಾವಿರ ಬೆಳ್ಳಿ ದ್ರಾಕ್ಮಗಳನ್ನು ಒಟ್ಟುಗೂಡಿಸಿ, ಅವರ ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದ. ಪುನರುತ್ಥಾನದಲ್ಲಿ ಅವನಿಗೆ ನಂಬಿಕೆಯಿತ್ತು.

ಎರಡನೆಯದು ಆರ್ಸ್ ಊರಿನ ಗುರು ಸಂತ ಜಾನ್ ಮರಿಯ ವಿಯಾನ್ನೆಯವರ ಚರಿತ್ರೆಯಲ್ಲಿ ಬರುತ್ತದೆ. ಗಂಡ ಸೇತುವೆಯಿಂದ ಹಾರಿ ಪ್ರಾಣ ಕಳೆದುಕೊಂಡನೆಂದು ಕೊರಗುತ್ತಿದ್ದ ಹೆಂಗಸಿಗೆ ಅವರು, ಸೇತುವೆಗೂ ನೀರಿಗೂ ನಡುವಿನ ಆ ಕ್ಷಣದಲ್ಲಿ ಪಶ್ಚಾತ್ತಾಪ ಪಡಲು ಅವನಿಗೆ ಸಮಯ ಸಿಕ್ಕಿತ್ತೆಂದು ಹೇಳಿ ಸಂತೈಸಿದರಂತೆ. ಬೈಕಿಗೂ ರಸ್ತೆಗೂ ನಡುವೆಯೂ ದೇವರ ಕರುಣೆಗೆ ಬೇಕಾದಷ್ಟು ಜಾಗವಿದೆ. ಅದರ ಅಳತೆ ನಮ್ಮ ಕೈಯಲ್ಲಿಲ್ಲ. ಅಳೆಯುವ ಅಗತ್ಯವೂ ಇಲ್ಲ. ನಂಬಿ ಪ್ರಾರ್ಥಿಸುವುದಷ್ಟೇ ನಮ್ಮ ಕೆಲಸ.

ಬಾಗಿಲ ಮೇಲಿನ ಬರಹ

ಆ ರಾತ್ರಿ ಮಕ್ಕಳು ಮಲಗಿದ ಮೇಲೆ ಅಜ್ಜಿ ನನ್ನ ಬಳಿ ಮತ್ತೊಂದು ಮಾತು ತೆಗೆದರು. “ಸ್ವಾಮಿ, ನೀವು ಆ ನಾಳೆ ಬಾ ಕಥೆ ಹೇಳಿದ್ರಲ್ಲ, ನನ್ನ ಹೊಟ್ಟೆ ಉರಿದುಹೋಯ್ತು” ಎಂದರು. ಅವರಿಗೆ ಇಬ್ಬರು ಗಂಡುಮಕ್ಕಳು. ಒಂದು ಬೇಲಿಯ ವಿಷಯಕ್ಕೆ ಅಣ್ಣತಮ್ಮಂದಿರ ಮಾತು ನಿಂತು ಆರು ವರ್ಷವಾಗಿತ್ತು. ತಮ್ಮ ಒಂದು ಸಲ ಈ ಮನೆಯ ಬಾಗಿಲಿಗೆ ಬಂದಿದ್ದನಂತೆ. ಒಳಗೆ ಕುಳಿತೇ ಅಣ್ಣ ಹೇಳಿದ್ದನಂತೆ: “ಈಗ ಆಗಲ್ಲ, ನಾಳೆ ಬರೋಕೆ ಹೇಳು.” ಆಮೇಲೆ ಭಾವನಿಗೂ ಮನಸ್ಸು ಕರಗಿತ್ತು. ಊರ ಹಬ್ಬ ಕಳೆಯಲಿ, ನಾನೇ ಹೋಗಿ ಮಾತಾಡುತ್ತೇನೆ ಎನ್ನುತ್ತಿದ್ದರಂತೆ. ಹಬ್ಬಕ್ಕೆ ಮೊದಲೇ ಸಾವು ಬಂತು.

ಸಹೋದರ ಸಹೋದರಿಯರೇ, ಆ ಮನೆಯನ್ನು ಕಾಡುತ್ತಿದ್ದ ಭೂತ ಇದು. ಸತ್ತವರು ಬಂದು ನಮ್ಮನ್ನು ಕಾಡುವುದಿಲ್ಲ. ಬದುಕಿದ್ದಾಗ ಅವರಿಗೆ ಹೇಳದೆ ಉಳಿಸಿಕೊಂಡ ಮಾತು ನಮ್ಮನ್ನು ಕಾಡುತ್ತದೆ.

ವಿಮೋಚನಾಕಾಂಡದ 8ನೆಯ ಅಧ್ಯಾಯದಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಈಜಿಪ್ಟಿನ ತುಂಬ ಕಪ್ಪೆಗಳು. ಅರಮನೆಯಲ್ಲಿ, ಹಾಸಿಗೆಯಲ್ಲಿ, ಹಿಟ್ಟು ನಾದುವ ಹರಿವಾಣದಲ್ಲಿ. ಅವುಗಳ ನಿವಾರಣೆಗೆ ಯಾವಾಗ ಪ್ರಾರ್ಥಿಸಲಿ ಎಂದು ಮೋಶೆ ಕೇಳಿದಾಗ ಫರೋಹ ಕೊಟ್ಟ ಉತ್ತರ: ನಾಳೆ. ಈಗಲೇ ಎನ್ನಬಹುದಿತ್ತಲ್ಲ! ಇನ್ನೂ ಒಂದು ರಾತ್ರಿ ಕಪ್ಪೆಗಳ ಜೊತೆ ಮಲಗಲು ಅವನು ಸಿದ್ಧನಿದ್ದ. ಪ್ರೇಷಿತರ ಕಾರ್ಯಕಲಾಪಗಳ 24ನೆಯ ಅಧ್ಯಾಯದಲ್ಲಿ ರಾಜ್ಯಪಾಲ ಫೆಲಿಕ್ಸನೂ ಹಾಗೆಯೇ. ಸಂತ ಪೌಲರು ನ್ಯಾಯ, ಸಂಯಮ, ಬರಲಿರುವ ತೀರ್ಪು ಎಂದು ಮಾತನಾಡಿದಾಗ ಅವನಿಗೆ ನಡುಕ ಹುಟ್ಟಿತು. ಸದ್ಯಕ್ಕೆ ಹೋಗು, ಸಮಯ ಸಿಕ್ಕಾಗ ಕರೆಸುತ್ತೇನೆ ಎಂದುಬಿಟ್ಟ. ಅವನ ಪಾಪಕ್ಕೆ ಅವನೂ ಬಾಗಿಲಲ್ಲೇ ಅವಧಿ ಬರೆದುಕೊಟ್ಟ.

ನಮ್ಮಲ್ಲೂ ಹೀಗೆಯೇ ಅಲ್ಲವೇ? ಪಾಪನಿವೇದನೆಗೆ ಕ್ರಿಸ್ಮಸ್ ಬರಲಿ. ಕುಡಿತ ಬಿಡಲು ಹೊಸ ವರ್ಷ ಬರಲಿ. ನಾದಿನಿಯ ಜೊತೆ ಮಾತಾಡಲು ಅವಳೇ ಮೊದಲು ಬರಲಿ. ಮನೆಯಲ್ಲಿ ಸಂಜೆಯ ಪ್ರಾರ್ಥನೆಗೆ ಮಕ್ಕಳ ಪರೀಕ್ಷೆ ಮುಗಿಯಲಿ. ಬಾಗಿಲ ಬಳಿ ನಿಂತು ತಟ್ಟುವವರು ಪ್ರಭು ಎಂದು ಪ್ರಕಟಣಾ ಗ್ರಂಥದ 3ನೆಯ ಅಧ್ಯಾಯ ಹೇಳುತ್ತದೆ. ದನಿ ಕೇಳಿ ತೆರೆದವರ ಜೊತೆ ಕುಳಿತು ಊಟ ಮಾಡಲು ಅವರು ಬರುತ್ತಾರೆ. ನಮ್ಮವರದೇ ದನಿಯಲ್ಲಿ, ನಮ್ಮ ಹೆಸರನ್ನೇ ಹಿಡಿದು ಕರೆಯುತ್ತಾರೆ. ದೆವ್ವಕ್ಕೆಂದು ಬರೆದ ಬರಹವನ್ನು ನಾವು ದೇವರಿಗೆ ತೋರಿಸುತ್ತಿದ್ದೇವೆ.

ನವೆಂಬರ್ 2

ಸಕಲ ಮೃತರ ದಿನವನ್ನು ನವೆಂಬರ್ 2ರಂದು ಆಚರಿಸುವ ಪದ್ಧತಿ ಫ್ರಾನ್ಸಿನ ಕ್ಲೂನಿ ಮಠದ ಮಠಾಧಿಪತಿ ಸಂತ ಓಡಿಲೋರವರಿಂದ, ಸುಮಾರು ಸಾವಿರ ವರ್ಷಗಳ ಹಿಂದೆ ಹರಡಿತು. ಮೊದಲ ಮಹಾಯುದ್ಧದಲ್ಲಿ ಲೆಕ್ಕವಿಲ್ಲದಷ್ಟು ಯುವಕರು ಸಾಯುತ್ತಿದ್ದಾಗ, 1915ರಲ್ಲಿ, ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು ಆ ದಿನ ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆ ಅರ್ಪಿಸಲು ಅನುಮತಿಯಿತ್ತರು. ಅವರೂ ಹಠಾತ್ತನೆ ಮಡಿದವರೇ. ಧರ್ಮಸಭೆ ಅವರನ್ನು ಮರೆಯಲಿಲ್ಲ.

ಆ ದಿನ ನಾನು ನನ್ನ ಧರ್ಮಕೇಂದ್ರದಲ್ಲಿದ್ದೆ. ರಾತ್ರಿ ಅಕ್ಕ ಫೋನು ಮಾಡಿದಳು. ಬೆಳಿಗ್ಗೆ ಮಗ ತಾನೇ ಅಪ್ಪನ ಸಮಾಧಿಗೆ ಸುಣ್ಣ ಬಳಿದನಂತೆ. ಸಂಜೆ ಸಮಾಧಿ ಭೂಮಿಯ ಆಶೀರ್ವಾದವಾಗುವಾಗ ಅವನ ಚಿಕ್ಕಪ್ಪ ಗೋಡೆಯ ಬಳಿ ದೂರದಲ್ಲಿ ನಿಂತಿದ್ದನಂತೆ. ಗಾಳಿಗೆ ಬತ್ತಿ ಆರಿ ಆರಿ ಹೋಗುತ್ತಿತ್ತು. ಅಜ್ಜಿ ಕೂಗಿ ಕರೆದರಂತೆ: “ಬಾರೋ, ಕೈ ಅಡ್ಡ ಹಿಡಿ, ನಿಮ್ಮಣ್ಣನ ಬತ್ತಿ ಆರ್ತದೆ.” ಅವನು ಬಂದ, ಕೈ ಅಡ್ಡ ಹಿಡಿದ. ಬೇಲಿಯ ವಿಷಯ ಇನ್ನೂ ತೀರ್ಮಾನವಾಗಿಲ್ಲ, ಆದರೆ ಮಾತು ಶುರುವಾಗಿದೆ. ಕತ್ತಲಲ್ಲಿ ಹಿತ್ತಲಿಗೆ ಹೋಗಲೂ ಅಂಜುತ್ತಿದ್ದ ಮಗು ಬತ್ತಿ ಪೂರ್ತಿ ಉರಿದು ಮುಗಿಯುವ ತನಕ ಅಪ್ಪನ ಸಮಾಧಿಯ ಪಕ್ಕ ಕುಳಿತಿದ್ದನಂತೆ. ಇದನ್ನೆಲ್ಲ ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.

ತಂದೆತಾಯಂದಿರೇ, ಊಟ ಮಾಡಿಸಲು, ಮಲಗಿಸಲು ಗುಮ್ಮನನ್ನು ಕರೆಯಬೇಡಿ. ಕಥೆ ಹೇಳಿದರೆ, ಕೊನೆಯಲ್ಲಿ ಮಗುವಿನ ಹಣೆಗೆ ಶಿಲುಬೆಯ ಗುರುತು ಹಾಕಿ ಮಲಗಿಸಿ. ನಿಮ್ಮ ಮನೆಯ ಮೃತರ ಹೆಸರುಗಳನ್ನು ಮಕ್ಕಳಿಗೆ ಕಲಿಸಿ; ಹೆಸರು ಗೊತ್ತಿರುವವರ ಬಗ್ಗೆ ಭಯ ಹುಟ್ಟದು. ನವೆಂಬರ್ 1ರಿಂದ 8ರವರೆಗೆ ಭಕ್ತಿಯಿಂದ ಸಮಾಧಿ ಭೂಮಿಗೆ ಹೋಗಿ ಮೃತರಿಗಾಗಿ ಪ್ರಾರ್ಥಿಸುವವರಿಗೆ, ಪಾಪನಿವೇದನೆ, ಪರಮಪ್ರಸಾದ, ಜಗದ್ಗುರುಗಳ ಉದ್ದೇಶಗಳಿಗಾಗಿ ಪ್ರಾರ್ಥನೆ ಮತ್ತು ಪಾಪದ ಮೇಲಿನ ವ್ಯಾಮೋಹದಿಂದ ದೂರವಿರುವ ಮನಸ್ಸು ಇದ್ದರೆ, ಶುದ್ಧೀಕರಣ ಸ್ಥಳದ ಆತ್ಮಗಳಿಗೆ ಸಲ್ಲುವ ಪೂರ್ಣ ದಂಡವಿಮೋಚನೆಯನ್ನು ಧರ್ಮಸಭೆ ನೀಡುತ್ತದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಇಂದು ರಾತ್ರಿ ಬಾಗಿಲಿಗೆ ಅಗುಳಿ ಹಾಕುವಾಗ ಒಂದು ಗಳಿಗೆ ನಿಂತು ಕೇಳಿಕೊಳ್ಳೋಣ: ನಾನು ಯಾರಿಗೆ ‘ನಾಳೆ ಬಾ’ ಎಂದಿದ್ದೇನೆ? ಆ ಬರಹವನ್ನು ಅಳಿಸಲು ಒದ್ದೆ ಬಟ್ಟೆಯೊಂದು ಸಾಕು. ಸತ್ತವರಿಗೆ ನಿತ್ಯ ವಿಶ್ರಾಂತಿಯನ್ನೂ, ಬದುಕಿರುವ ನಮಗೆ ಇಂದೇ ಬಾಗಿಲು ತೆರೆಯುವ ಮನಸ್ಸನ್ನೂ ಪ್ರಭು ಕರುಣಿಸಲಿ. ಆಮೆನ್.