ಬೆಲೆಯೂ ಮಾನವೂ

ಕಲಘಟಗಿ ಕಡೆಯ ಒಬ್ಬ ರೈತನು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿರುವ ನಮ್ಮ ಮನೆಗೆ ಬಂದು, ಮೂವತ್ತಾರು ವರುಷದ ತನ್ನ ಹಿರೇಮಗನಿಗೆ ಒಂದು ಹೆಣ್ಣು ನೋಡಿಕೊಡಬೇಕೆಂದು ಬೇಡಿಕೊಂಡನು. ಹೊಲವುಂಟು, ನೀರಿಗೆ ಬೋರುಂಟು, ವರದಕ್ಷಿಣೆ ಬೇಡ ಅಂದನು. ಸಂಗಡ ಬಂದ ಅವನ ತಮ್ಮನು ನಕ್ಕು, "ಹೋಗಲಿ ಬಿಡ್ರಿ, ಹೆಣ್ಣು ಕಡಿಮಿ ಆದ್ರ ಹೆಣ್ಣಿನ ಮಾನ ಹೆಚ್ಚಾಗತೈತಿ" ಎಂದನು. ಈ ಮಾತು ಸತ್ಯವೋ ಎಂಬದನ್ನು ನಾವು ವಿಚಾರಿಸತಕ್ಕದ್ದಾಗಿದೆ.

ನಮ್ಮ ರಾಜ್ಯದಲ್ಲಿ ಆರು ವರುಷದ ವರೆಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ 946, 2011ರಲ್ಲಿ 948. ಗರ್ಭದಲ್ಲಿರುವದು ಗಂಡೋ ಹೆಣ್ಣೋ ಎಂದು ತಿಳಿಸಕೂಡದೆಂಬ ಕಾನೂನು 1994ರಲ್ಲಿಯೇ ಆಯಿತು. ಆದರೂ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಆ ಕೆಲಸವನ್ನೇ ನಡಿಸುತ್ತಿದ್ದದ್ದು 2023ರಲ್ಲಿ ಬೈಲಿಗೆ ಬಂತು. ಬೆಲ್ಲ ಕಾಸುವ ಸ್ಥಳದಲ್ಲಿ! ಅದೇ ವರುಷ ಅದೇ ಜಿಲ್ಲೆಯ ಅವಿವಾಹಿತ ರೈತ ಯುವಕರು, ತಮಗೆ ಹೆಣ್ಣು ಸಿಕ್ಕಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡೆಯಾಗಿ ಹೋದರು. ಕನ್ಯೆಯರು ಪೇಟೆಯ ನೌಕರಿಯವನನ್ನು ಬಯಸುವದೂ ಅವರ ಕಷ್ಟಕ್ಕೆ ಕಾರಣವೇ. ಅದನ್ನು ನಾವು ದೋಷವೆನ್ನಲಾರೆವು.

ಚೀನ ದೇಶದ ಕೊರತೆಯಾದರೋ ನಮ್ಮದಕ್ಕಿಂತ ಬಹು ದೊಡ್ಡದು. ಮನೆಗೊಂದೇ ಮಗುವೆಂಬ ಸರಕಾರದ ಕಟ್ಟಳೆ ಅಲ್ಲಿ 1980ರ ಸುಮಾರಿನಿಂದ 2015ರ ವರೆಗೆ ನಡೆಯಿತು. ಇರುವ ಒಂದು ಮಗು ಗಂಡೇ ಆಗಲೆಂದು ಅನೇಕರು ಮಾಡಬಾರದ್ದನ್ನು ಮಾಡಿದರು. 2020ರ ಜನಗಣತಿಯಲ್ಲಿ ಸ್ತ್ರೀಯರಿಗಿಂತ ಪುರುಷರು ಸುಮಾರು 3 ಕೋಟಿ 49 ಲಕ್ಷ ಹೆಚ್ಚಾಗಿ ಕಂಡುಬಂದರು. ಅಲ್ಲಿ ಹೆಣ್ಣಿನ ಮಾನ ಹೆಚ್ಚಿತೋ? ಹಳ್ಳಿಗಳಲ್ಲಿ ತೆರ ಏರಿತು. ಮಗನ ಮದುವೆಗಾಗಿ ಬಡವನು ಸಾಲಗಾರನಾದನು. ದಲ್ಲಾಳಿಗಳು ಬರ್ಮಾ, ವಿಯೆಟ್ನಾಮ್ ದೇಶಗಳ ಬಡ ಹುಡುಗಿಯರನ್ನು ಕೆಲಸದ ಆಶೆ ತೋರಿಸಿ ಕರೆದೊಯ್ದು ಮಾರಿದರು. ದೂರದ ಸುದ್ದಿಯೆಂದು ಯಾರೂ ನಿಶ್ಚಿಂತರಾಗಬೇಡಿರಿ. ಹೆಣ್ಣು ಸಿಕ್ಕದ ಬಡಗಣ ಸೀಮೆಯ ವರರಿಗೆ ನಮ್ಮ ಧಾರವಾಡ ಜಿಲ್ಲೆಯ ಬಡ ಮನೆಗಳಿಂದಲೂ ದಲ್ಲಾಳಿಗಳ ಮೂಲಕ ಕನ್ಯೆಯರು ಹೋದದ್ದುಂಟು. ಜನರು ಅದಕ್ಕೆ ಗುಜ್ಜರ ಮದುವೆ ಎಂದು ಹೆಸರಿಟ್ಟರು.

ಬರಗಾಲದಲ್ಲಿ ಜೋಳದ ಬೆಲೆ ಏರುತ್ತದೆ. ಆಗ ಜೋಳಕ್ಕೆ ಸನ್ಮಾನ ಮಾಡುವವರಿಲ್ಲ, ಕೀಲಿ ಹಾಕಿ ಕಾಯುತ್ತಾರೆ. ಮತ್ತೊಂದು ಅನ್ಯಾಯವೇನಂದರೆ, ಹೆಣ್ಣು ಬೇಡವೆಂದವನೇ ಈ ಕೊರತೆಯನ್ನು ಅನುಭವಿಸಬೇಕೆಂದಿಲ್ಲ. ಅವನಿಗೆ ಹಣವಿದ್ದರೆ ಅವನ ಮಗನಿಗೆ ಹೇಗೋ ಮದುವೆಯಾದೀತು. ಒಂಟಿಯಾಗಿ ಉಳಿಯುವವನು ಬಡವನ ಮಗ. ಮಾರಲ್ಪಡುವವಳು ಅವನಿಗಿಂತಲೂ ಬಡವನ ಮಗಳು.

ಚಹಾ ಕುಡಿಯುವಾಗ ನಾವು ಆ ರೈತನನ್ನು, "ಯಜಮಾನರೇ, ನಿಮಗೆ ಹೆಣ್ಣುಮಕ್ಕಳೆಷ್ಟು?" ಎಂದು ಕೇಳಿದೆವು.

"ಮೂರೂ ಗಂಡುರೀ. ಆ ಚಿಂತಿ ನಮಗಿಲ್ಲ" ಎಂದನು. ಆಮೇಲೆ ಬಟ್ಟಲನ್ನು ಕೆಳಗಿಟ್ಟು, ಬಹಳ ಹೊತ್ತು ಸುಮ್ಮನೆ ಕೂತನು.