ಶಿಕ್ಷೆಯ ಹೆಸರಿನ ಹಿಂಸೆಗೆ ಕಾಲಮಿತಿಯುಂಟೆ?

‘ಶಿಕ್ಷಾ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಕಲಿಕೆ, ಬೋಧನೆ ಎಂಬುದೇ ಮುಖ್ಯಾರ್ಥ. ವೇದಾಂಗಗಳಲ್ಲೊಂದಾದ ಉಚ್ಚಾರಣಶಾಸ್ತ್ರಕ್ಕೂ ಅದೇ ಹೆಸರು. ಕನ್ನಡಕ್ಕೆ ಬಂದ ಮೇಲೆ ಆ ಶಬ್ದವು ದಂಡನೆಯೆಂಬ ಅರ್ಥವನ್ನು ಹೊತ್ತುಕೊಂಡಿತು. ಇಂದು ಶಿಕ್ಷೆಯೆಂದೊಡನೆ ಹುಡುಗನ ಕಣ್ಣ ಮುಂದೆ ಬರುವುದು ಪುಸ್ತಕವಲ್ಲ, ಬೆತ್ತ. ನುಡಿಯಲ್ಲಾದ ಈ ಬೆರಕೆಯಿಂದ ಯಾರಿಗೂ ಕೇಡಿಲ್ಲ. ಆದರೆ ಮಕ್ಕಳನ್ನು ಪಾಲಿಸುವ ಸಂಸ್ಥೆಯೊಂದರ ಬುದ್ಧಿಯಲ್ಲಿಯೇ ಕಲಿಸುವುದೂ ನೋಯಿಸುವುದೂ ಒಂದಾಗಿಬಿಟ್ಟರೆ ಅದರ ಫಲವನ್ನುಣ್ಣುವವರು ಬಾಲಕರು. ಅದೂ ಒಂದೆರಡು ದಿನವಲ್ಲ, ಜೀವಮಾನವೆಲ್ಲ.

ಆಸ್ಟ್ರೇಲಿಯ ದೇಶದಲ್ಲಿ ನಡೆದ ಒಂದು ವೃತ್ತಾಂತ ಇದಕ್ಕೆ ನಿದರ್ಶನವಾಗಿದೆ. ಆ ದೇಶದ ಪಶ್ಚಿಮ ತೀರದಲ್ಲಿ, ಫ್ರೀಮ್ಯಾಂಟಲ್ ಬಂದರಿನ ಹತ್ತಿರ, ಎಚ್.ಎಂ.ಎ.ಎಸ್. ಲೂವಿನ್ ಎಂಬ ನೌಕಾಶಿಬಿರವಿತ್ತು. ಹೆಸರು ಹಡಗಿನದಾದರೂ ಅದು ನೆಲದ ಮೇಲಿನ ತರಬೇತಿ ಕೇಂದ್ರವೇ. 1960ರಿಂದ 1984ರವರೆಗೆ ಅಲ್ಲಿ ಕಿರಿಯ ನಾವಿಕರ ತರಬೇತಿ ನಡೆಯಿತು. ಹದಿನೈದೂವರೆಯಿಂದ ಹದಿನಾರೂವರೆ ವರ್ಷದೊಳಗಿನ ಸಾವಿರಾರು ಬಾಲಕರು ತಂದೆತಾಯಿಗಳ ಒಪ್ಪಿಗೆ ಪಡೆದು ಅಲ್ಲಿಗೆ ಸೇರಿದರು. ಮಗನಿಗೆ ವಿದ್ಯೆಯೂ ಉದ್ಯೋಗವೂ ದೊರೆಯುವುದೆಂದು ನಂಬಿ ತಂದೆಯಾದವನು ಅವನ ಕೈಯನ್ನು ಸರಕಾರದ ಕೈಯಲ್ಲಿಟ್ಟನು.

ಅಲ್ಲಿ ನಡೆದುದೇನು? ಮೊದಲು ಬಂದ ಹುಡುಗರು ಆಮೇಲೆ ಬಂದವರನ್ನು ‘ಗಟ್ಟಿ ಮಾಡುವ’ ನೆಪದಿಂದ ರಾತ್ರಿಯ ವೇಳೆ ಹೊಡೆದರು. ಬೂಟಿನ ಪಾಲಿಶನ್ನು ಮೈಗೆ ಬಳಿದು, ಬಿರುಸಾದ ಬ್ರಷ್ಷಿನಿಂದ ತಿಕ್ಕಿದರು. ಇದಕ್ಕಿಂತ ಹೀನವಾದ ಕಾಮದೌರ್ಜನ್ಯಗಳೂ ನಡೆದವೆಂದು ನೊಂದವರು ಮುಂದೆ ಸಾಕ್ಷಿ ನುಡಿದಿದ್ದಾರೆ. ಅವುಗಳ ವಿವರವನ್ನು ಇಲ್ಲಿ ಬರೆಯುವುದು ಅನಾವಶ್ಯಕ. ದೂರು ಹೇಳಿದವನು ಹೇಡಿಯೆನಿಸುತ್ತಿದ್ದನು, ಮತ್ತಷ್ಟು ಪೆಟ್ಟನ್ನೂ ತಿನ್ನುತ್ತಿದ್ದನು. ಸಾಕ್ಷಾತ್ತಾಗಿ ಕಂಡವನೇ ಸಾಕ್ಷಿಯೆಂದು ವೈಯಾಕರಣರು ಹೇಳುತ್ತಾರೆ. ಅಲ್ಲಿ ಕಂಡವರು ಸಾಲುಮಂಚಗಳ ಮೇಲೆ ಮಲಗಿದ್ದ ಇತರ ಹುಡುಗರು, ನಾಳೆಯ ಸರದಿ ತಮ್ಮದೆಂದು ಬಲ್ಲವರು. ಇದು ಹೊರಗೆ ತಿಳಿಯಲಿಲ್ಲವೆಂದಲ್ಲ. 1971ರಲ್ಲಿಯೇ ಸುದ್ದಿ ಪತ್ರಿಕೆಗಳಿಗೆ ಬಂದು, ನ್ಯಾಯಾಧೀಶ ಟ್ರೆವರ್ ರಾಪ್ಕೆಯವರಿಂದ ವಿಚಾರಣೆಯೂ ನಡೆಯಿತು. ಆದರೂ ನೊಂದವರ ಮಾತನ್ನು ದೇಶವು ಕುಳಿತು ಕೇಳುವುದಕ್ಕೆ ಮತ್ತೆ ನಾಲ್ವತ್ತು ವರ್ಷಗಳು ಬೇಕಾದವು.

ಇನ್ನೊಂದು ಸೈನಿಕ ವಿದ್ಯಾಲಯದ ಹಗರಣದಿಂದ 2011ರಲ್ಲಿ ಜನ ರೊಚ್ಚಿಗೆದ್ದಾಗ ಹಳೆಯ ಗಾಯಗಳೂ ಬಾಯಿಬಿಟ್ಟವು. 2012ರ ನವೆಂಬರ್ 26ರಂದು ರಕ್ಷಣಾಮಂತ್ರಿ ಸ್ಟೀಫನ್ ಸ್ಮಿತ್ ಅವರು ಪಾರ್ಲಿಮೆಂಟಿನಲ್ಲಿ ನಿಂತು ನೊಂದವರ ಕ್ಷಮೆ ಕೇಳಿದರು. ಲೆನ್ ರಾಬರ್ಟ್ಸ್-ಸ್ಮಿತ್ ಎಂಬ ನಿವೃತ್ತ ನ್ಯಾಯಾಧೀಶರ ಮುಖಂಡತ್ವದಲ್ಲಿ ಒಂದು ಕಾರ್ಯಪಡೆ ಏರ್ಪಟ್ಟಿತು. ಎರಡು ಸಾವಿರಕ್ಕೂ ಮಿಕ್ಕಿದ ಜನ ಅದರ ಮುಂದೆ ದೂರಿಟ್ಟರು. 2016ರಲ್ಲಿ ರಾಯಲ್ ಕಮಿಷನ್ನೆಂಬ ಉನ್ನತ ವಿಚಾರಣಾ ಆಯೋಗವು ಲೂವಿನ್ ನೌಕಾಶಿಬಿರ ಮತ್ತು ಬಾಲ್‌ಕೂಂಬ್ ಎಂಬ ಭೂಸೇನಾಶಾಲೆಯ ವಿಷಯವನ್ನು ಬಹಿರಂಗವಾಗಿ ವಿಚಾರಿಸಿತು.

ಇಲ್ಲಿ ವಿವೇಕಿಗಳೇ ಎತ್ತುವ ಆಕ್ಷೇಪಗಳುಂಟು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಈಗೇಕೆ ಮಾತನಾಡಬೇಕು ಎಂಬುದು ಮೊದಲನೆಯದು. ಆ ಆಯೋಗವು ಮಕ್ಕಳ ಮೇಲಿನ ಕಾಮದೌರ್ಜನ್ಯದ ಬಗ್ಗೆ ಸಾವಿರಾರು ಜನರ ಮಾತನ್ನು ಏಕಾಂತದಲ್ಲಿ ಕೇಳಿ ಕಂಡುಕೊಂಡುದಿಷ್ಟು: ನೊಂದವನು ತನ್ನ ನೋವನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಲು ಸರಾಸರಿ ಸುಮಾರು 24 ವರ್ಷ ಹಿಡಿಯುತ್ತದೆ. ಹಾಗಾದರೆ ವಿಳಂಬವು ಸುಳ್ಳಿನ ಗುರುತಲ್ಲ, ಗಾಯದ ಆಳದ ಗುರುತು. ಮೌನವನ್ನು ಬಲಾತ್ಕಾರದಿಂದ ಹೇರಿದವನೇ ಆಮೇಲೆ ಮೌನವನ್ನು ತನ್ನ ಪಕ್ಷದ ಪ್ರಮಾಣವನ್ನಾಗಿ ತೋರಿಸುವುದು ಯಾವ ತರ್ಕಶಾಸ್ತ್ರಕ್ಕೂ ಒಪ್ಪುವ ಮಾತಲ್ಲ. ಆ ಕಾಲವೇ ಹಾಗಿತ್ತೆಂಬುದು ಎರಡನೆಯ ಆಕ್ಷೇಪ. ಇದಕ್ಕೆ ಹೆಚ್ಚು ಮಾತು ಬೇಡ. ಕಾಲವು ಹಾಗೆಯೇ ಇದ್ದಿದ್ದರೆ ರಾತ್ರಿಯ ಮರೆ ಏತಕ್ಕೆ ಬೇಕಾಗಿತ್ತು?

ಮೂರನೆಯದು ತೂಕವುಳ್ಳದ್ದು. ಆರೋಪಿತನು ಮುದುಕನಾಗಿದ್ದಾನೆ, ಅಥವಾ ಸತ್ತಿದ್ದಾನೆ. ಅವನ ಪರವಾಗಿ ಹೇಳಬಲ್ಲವರೂ ಉಳಿದಿಲ್ಲ. ಅರ್ಧ ಶತಮಾನದ ಹಿಂದಿನ ಒಂದು ರಾತ್ರಿಯನ್ನು ನೆನಪಿನ ಬಲದಿಂದಲೇ ನಿಶ್ಚಯಿಸಿ ಒಬ್ಬನನ್ನು ದಂಡಿಸುವುದು ನ್ಯಾಯವೆ? ನಿರಪರಾಧಿಗೆ ದಂಡನೆಯಾದರೆ ಒಂದು ಅನ್ಯಾಯದ ಜಾಗದಲ್ಲಿ ಎರಡಾಗುತ್ತವೆ. ಈ ಅಂಜಿಕೆ ಸಹಜವಾದುದು, ಇರಲೇಬೇಕಾದುದು. ಆ ಕಾರ್ಯಪಡೆ ಇಲ್ಲಿ ಒಂದು ಸೂಕ್ಷ್ಮವಾದ ವಿಭಾಗವನ್ನು ಮಾಡಿತು. ಒಬ್ಬನನ್ನು ಅಪರಾಧಿಯೆಂದು ದಂಡಿಸುವುದು ನ್ಯಾಯಾಲಯದ ಕೆಲಸ. ಅಲ್ಲಿ ಸಂದೇಹಕ್ಕೆಡೆಯಿಲ್ಲದ ಪ್ರಮಾಣ ಬೇಕು. ನೊಂದವನ ಮಾತನ್ನು ಸಂಸ್ಥೆಯು ಒಪ್ಪಿಕೊಳ್ಳುವುದಕ್ಕೆ ಮಾತ್ರ ಆ ಮಾತು ಸಂಭಾವ್ಯವಾಗಿದ್ದರೆ ಸಾಕು. ದಂಡನೆಗೆ ಒಂದು ತಕ್ಕಡಿ, ಮನ್ನಣೆಗೆ ಇನ್ನೊಂದು. ಪರಿಹಾರವಾಗಿ ಒಬ್ಬನಿಗೆ ಹೆಚ್ಚೆಂದರೆ 50,000 ಆಸ್ಟ್ರೇಲಿಯನ್ ಡಾಲರು ಕೊಡುವ ಏರ್ಪಾಡಿತ್ತು. ಆ ಮೊತ್ತದಲ್ಲಿ 45,000 ದೌರ್ಜನ್ಯಕ್ಕಾಗಿ. ಉಳಿದ 5,000 ದೌರ್ಜನ್ಯದ ಸಂಬಂಧದಲ್ಲಿ ಸೇನೆಯೇ ನಡೆಸಿದ ಅವ್ಯವಸ್ಥೆಗಾಗಿ, ಎಂದರೆ ದೂರು ಬಂದಾಗ ಅದನ್ನು ಸರಿಯಾಗಿ ವಿಚಾರಿಸದೆ ಹೋದಂತಹ ತಪ್ಪಿಗಾಗಿ. ಹಣ ಅಲ್ಪವೆಂದೇ ನನಗೆ ತೋರುತ್ತದೆ. ಆದರೆ ಹೊಡೆದವನ ದೋಷ ಬೇರೆ, ಕೇಳಿಸಿಕೊಳ್ಳದವನ ದೋಷ ಬೇರೆ ಎಂದು ಲೆಕ್ಕದ ಪುಸ್ತಕದಲ್ಲಿಯೇ ಎರಡು ಸಾಲಾಗಿ ಬರೆದದ್ದು ಅಲ್ಪವಲ್ಲ. ಹುಡುಗನು ಸಾಯುತ್ತಾನೆ, ಹೊಡೆದವನು ಸಾಯುತ್ತಾನೆ; ಮಗುವನ್ನು ತಂದೆಯ ಕೈಯಿಂದ ಪಡೆದುಕೊಂಡ ಸಂಸ್ಥೆ ಸಾಯುವುದಿಲ್ಲ. ಆದುದರಿಂದ ಅದರ ಋಣವೂ ಸಾಯದು.

ಇದಕ್ಕಿಂತಲೂ ನನ್ನ ಮನಸ್ಸನ್ನು ಹಿಡಿದ ಏರ್ಪಾಡು ಇನ್ನೊಂದುಂಟು. ಇಚ್ಛಿಸಿದ ನೊಂದವರನ್ನು ಸೇನೆಯ ಹಿರಿಯ ಅಧಿಕಾರಿಯೊಬ್ಬರೊಡನೆ ಮುಖಾಮುಖಿಯಾಗಿ ಕೂರಿಸಿದರು. ಅಧಿಕಾರಿ ಮಾಡಬೇಕಾದ ಮುಖ್ಯ ಕೆಲಸ ಆ ಮನುಷ್ಯನ ಕಥೆಯನ್ನು ಪೂರ್ತಿಯಾಗಿ ಕೇಳಿ, ಇದು ಆಗಬಾರದಾಗಿತ್ತೆಂದು ಸೇನೆಯ ಪರವಾಗಿ ಒಪ್ಪಿಕೊಳ್ಳುವುದು. ಆ ಅಧಿಕಾರಿ ತಾನು ಹೊಡೆದವನಲ್ಲ. ತಾನು ಮಾಡದ ತಪ್ಪಿಗೆ ತಲೆಬಾಗುವುದು ನಾಟಕವಲ್ಲವೇ ಎಂದು ಕೇಳಬಹುದು. ತಂದೆ ಮಾಡಿದ ಸಾಲವನ್ನು ತೀರಿಸುವ ಮಗನನ್ನು ನಮ್ಮ ಹಳ್ಳಿಗಳಲ್ಲಿ ನಾಟಕಕಾರನೆಂದು ಯಾರೂ ಕರೆಯುವುದಿಲ್ಲ. ಆಸ್ತಿಯನ್ನು ಉಣ್ಣುವವನು ಸಾಲವನ್ನೂ ಹೊರಬೇಕು. ಸೇನೆಯ ಕೀರ್ತಿಯನ್ನು ಎದೆಯ ಮೇಲೆ ಪದಕವಾಗಿ ಧರಿಸುವವನು ಅದರ ಅಪಕೀರ್ತಿಯ ಎದುರಿಗೆ ಒಂದು ಗಳಿಗೆ ಕುಳಿತುಕೊಳ್ಳಬೇಕು.

‘ಕ್ಷಮಾ’ ಎಂಬುದು ಭೂಮಿಗೂ ಹೆಸರು, ತಾಳ್ಮೆಗೂ ಹೆಸರು. ಹಳೆಯದನ್ನು ಕ್ಷಮಿಸಿಬಿಡಿ ಎಂದು ನೊಂದವರಿಗೆ ಉಪದೇಶಿಸುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಆದರೆ ಕ್ಷಮೆಯು ನೊಂದವನ ಸ್ವತ್ತು, ಅವನು ಕೊಟ್ಟರೆ ಉಂಟು. ಕೊಡಬೇಕೆಂದು ಸಭೆ ಸೇರಿ ವಿಧಿಸುವುದು ಅವನಿಂದ ಇನ್ನೊಂದು ಸಲ ಕಸಿದುಕೊಂಡಂತೆಯೇ. ಕಾನೂನಿನಲ್ಲಿಯೂ ಬಹುಕಾಲ ಈ ಉಪದೇಶವು ಕಾಲಮಿತಿಯ ರೂಪದಲ್ಲಿ ಕುಳಿತಿತ್ತು. ಇಂತಿಷ್ಟು ವರ್ಷ ಕಳೆದರೆ ಪರಿಹಾರದ ದಾವೆ ನಿಲ್ಲುತ್ತಿರಲಿಲ್ಲ. ಲೂವಿನ್ ಶಿಬಿರವಿದ್ದ ಪಶ್ಚಿಮ ಆಸ್ಟ್ರೇಲಿಯವು, ಮಕ್ಕಳ ಮೇಲಿನ ಕಾಮದೌರ್ಜನ್ಯದ ದಾವೆಗಳಿಗಿದ್ದ ಆ ಕಾಲಮಿತಿಯನ್ನು 2018ರ ಜುಲೈ 1ರಿಂದ ತೆಗೆದುಹಾಕಿತು. 1967ರಲ್ಲಿ ಆ ಶಿಬಿರದ ಬಾಗಿಲನ್ನು ದಾಟಿ ಒಳಗೆ ಹೋದ ಹುಡುಗನಿಗೆ ಆ ದಿನ ಅರುವತ್ತಾರರ ಆಸುಪಾಸಿನ ವಯಸ್ಸು.