ಸಾಲ ತೀರಿದರೂ ತೀರದ ಕಂತು

ಕ್ಯಾಲಿಫೋರ್ನಿಯಾದಿಂದ ಡಾಲಸ್‌ಗೆ ಬಂದಿಳಿಯುವ ಕನ್ನಡ ಕುಟುಂಬಗಳಿಗೆ ಮೊದಮೊದಲು ಎಲ್ಲವೂ ಹಬ್ಬ. ಅಲ್ಲಿ ಎರಡು ಬೆಡ್‌ರೂಮಿನ ಹಳೇ ಮನೆಗೂ ಸಾಕಾಗದ ದುಡ್ಡಿನಲ್ಲಿ ಇಲ್ಲಿ ಫ್ರಿಸ್ಕೊ, ಮೆಕಿನ್ನಿ ಕಡೆ ಹೊಸ ಮನೆಯೇ ಸಿಗುತ್ತದೆ. ಪೂಜೆಗೊಂದು ಮೂಲೆ, ಊರಿಂದ ಬರುವ ಅಪ್ಪ-ಅಮ್ಮ ಮೆಟ್ಟಿಲು ಹತ್ತದ ಹಾಗೆ ಕೆಳಗೇ ಒಂದು ಕೋಣೆ. ಜೊತೆಗೆ ರಾಜ್ಯದ ಆದಾಯ ತೆರಿಗೆ ಇಲ್ಲ. ಮುಂದೆಯೂ ಹಾಕದ ಹಾಗೆ 2019ರಲ್ಲಿ ಮತದಾರರು ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದಿದ್ದಾರೆ. ಗೃಹಪ್ರವೇಶದ ದಿನ ಸ್ಮೋಕ್ ಅಲಾರಂಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಅಲ್ಯೂಮಿನಿಯಂ ಟ್ರೇಯಲ್ಲಿ ಪುಟ್ಟ ಹೋಮ ಮಾಡಿ, ಹಾಲುಕ್ಕಿಸಿ, ಬಂದವರಿಗೆ ಬಿಸಿಬೇಳೆಬಾತ್ ಬಡಿಸುವಾಗ “ಟೆಕ್ಸಸ್ ಅಗ್ಗ ಕಣ್ರೀ” ಎನ್ನುವ ಮಾತು ಯಾರ ಬಾಯಲ್ಲಾದರೂ ಬಂದೇ ಬರುತ್ತದೆ.

ಕೊಳ್ಳುವ ದಿನದ ಮಟ್ಟಿಗೆ ಆ ಮಾತು ನಿಜ.

ಆದಾಯ ತೆರಿಗೆ ಬೇಡ ಎಂದರೂ ಶಾಲೆ, ರಸ್ತೆ, ಪೊಲೀಸ್ ನಡೆಯಬೇಕಲ್ಲ? ಆ ಭಾರದ ದೊಡ್ಡ ಪಾಲು ಮನೆಯ ಮೇಲೆ ಬೀಳುತ್ತದೆ. ಕೌಂಟಿ, ನಗರ, ಶಾಲಾ ಜಿಲ್ಲೆ, ಕಾಲೇಜು ಎಲ್ಲ ಸೇರಿದರೆ ತೆರಿಗೆ ಶೇ. 2ರ ಆಸುಪಾಸು. ಐದು ಲಕ್ಷ ಡಾಲರ್ ಮನೆಗೆ, ವಿನಾಯಿತಿ ಕಳೆಯುವ ಮುಂಚೆ, ವರ್ಷಕ್ಕೆ ಹತ್ತು ಸಾವಿರ. ಊರಾಚೆಯ ಹೊಸ ಬಡಾವಣೆಗಳಲ್ಲಿ ‘ಮಡ್’ ಎನ್ನುವ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್ ಇದ್ದರೆ ಇನ್ನಷ್ಟು: ನೀರು, ಒಳಚರಂಡಿಯ ಪೈಪು ಹಾಕಲು ಎತ್ತಿದ ಸಾಲವನ್ನು ತೀರಿಸುವವರು ಅಲ್ಲಿ ಮನೆ ಕೊಂಡವರೇ.

ಮೂವತ್ತು ವರ್ಷ ಬಡ್ಡಿ ಬದಲಾಗದ ಸಾಲ ಎಂದು ನೆಮ್ಮದಿಯಿಂದ ಇದ್ದವರಿಗೆ ಮರುವರ್ಷ ಕಂತು ಏರಿದ ಕಾಗದ ಬರುತ್ತದೆ. ಬಡ್ಡಿ ಏರಿಲ್ಲ, ಕಂತಿನ ಜೊತೆ ಬ್ಯಾಂಕ್ ತೆಗೆದಿಡುವ ತೆರಿಗೆ, ವಿಮೆ ಏರಿವೆ. ವಸಂತದಲ್ಲಿ ಗಾಲ್ಫ್ ಚೆಂಡಿನ ಗಾತ್ರದ ಆಲಿಕಲ್ಲು ಬೀಳುವ ಸೀಮೆಯಲ್ಲಿ ವಿಮೆ ಸೋವಿಯಾಗುವುದಾದರೂ ಹೇಗೆ? ಆಗಸ್ಟ್ ಬಂದರೆ ಇಲ್ಲಿನ ಜೇಡಿಮಣ್ಣು ಒಣಗಿ, ಕುಗ್ಗಿ, ಗೋಡೆಯ ಬುಡದಿಂದ ಬೆರಳು ತೂರುವಷ್ಟು ದೂರ ಸರಿಯುತ್ತದೆ. ತಳಪಾಯ ಕದಲಬಾರದೆಂದು ಮನೆಯ ಸುತ್ತ ತೂತಿನ ಪೈಪು ಹಾಸಿ ಮಣ್ಣಿಗೆ ನೀರುಣಿಸುತ್ತಾರೆ. ಗಿಡಕ್ಕಲ್ಲ, ಮನೆಗೇ ನೀರು! ಊರಿಂದ ಬಂದ ಅತ್ತೆ-ಮಾವನಿಗೆ ಇದನ್ನು ವಿವರಿಸಿ ನೋಡಿ. ಎಸಿ, ಟೋಲ್ ರಸ್ತೆ, ಮನೆಗೆರಡು ಕಾರಿನ ಖರ್ಚು ಬೇರೆ.

ದುಬಾರಿ ಎಂದು ಬಿಟ್ಟುಬಂದ ಕ್ಯಾಲಿಫೋರ್ನಿಯಾದಲ್ಲಿ 1978ರ ‘ಪ್ರೊಪೊಸಿಷನ್ 13’ ಮೂಲ ತೆರಿಗೆಯನ್ನು ಶೇ. 1ಕ್ಕೆ ಕಟ್ಟಿಹಾಕಿದೆ; ತೆರಿಗೆಗೆ ಹಿಡಿಯುವ ಬೆಲೆ ಮನೆ ಕೈ ಬದಲಾಗುವವರೆಗೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಅಲ್ಲಿ ಬೇರುಬಿಟ್ಟ ಹಳಬರಿಗೆ ಅನುಕೂಲ, ಹೊಸಬರಿಗೆ ಕಷ್ಟ. ಟೆಕ್ಸಸ್ ಹೊಸಬರನ್ನು ಕೈಬೀಸಿ ಕರೆಯುತ್ತದೆ. ದುಡಿಯುವವರೆಗೆ ಇದು ಒಳ್ಳೆಯ ವ್ಯಾಪಾರ ಎಂದೇ ನನ್ನ ಲೆಕ್ಕ. ಸಂಬಳ ನಿಂತ ಮೇಲೆ ಆದಾಯ ತೆರಿಗೆಯ ಉಳಿತಾಯ ತಗ್ಗುತ್ತದೆ, ಮನೆಯ ತೆರಿಗೆ ನಿಲ್ಲುವುದಿಲ್ಲ. ಸಾಲ ತೀರಿಸಿ ನಿರಾಳವಾಗಿರಬೇಕು ಎಂಬ ಆಸೆಯಿಂದ ಬೆಳೆದ ನಮ್ಮ ಪೀಳಿಗೆಗೆ ಇದು ಬೇಗ ಅರಗುವುದಿಲ್ಲ.

ಟೆಕ್ಸಸ್ ಸರ್ಕಾರ ಸ್ವಲ್ಪ ಕೈ ಸಡಿಲಿಸಿದೆ. ವಾಸದ ಮನೆಗೆ ಶಾಲಾ ತೆರಿಗೆಗೆ ಹಿಡಿಯುವ ಬೆಲೆಯಲ್ಲಿ ಸಿಗುವ ಹೋಮ್‌ಸ್ಟೆಡ್ ವಿನಾಯಿತಿ 2023ರಲ್ಲಿ 40 ಸಾವಿರ ಡಾಲರಿನಿಂದ ಒಂದು ಲಕ್ಷಕ್ಕೆ, 2025ರಲ್ಲಿ 1.40 ಲಕ್ಷಕ್ಕೆ ಏರಿತು. ವಯಸ್ಸು 65 ತುಂಬಿದರೆ ಶಾಲಾ ತೆರಿಗೆಗೆ ಮಿತಿ ಬೀಳುತ್ತದೆ. ಮನೆಯನ್ನು ಹಿಗ್ಗಿಸದಿದ್ದರೆ ಆ ಮೊತ್ತ ಏರುವುದಿಲ್ಲ.

ಏಪ್ರಿಲ್ ಬಂದರೆ ನಮ್ಮಲ್ಲಿ ಹಲವರಿಗೆ ಎರಡೂ ಕಡೆಯ ಮನೆ ನೆನಪಾಗುತ್ತದೆ. ಬೆಂಗಳೂರಿನ ಮನೆಯ ಕಂದಾಯವನ್ನು ಶೇ. 5ರ ರಿಯಾಯಿತಿ ತಪ್ಪೀತೆಂದು ರಾತ್ರಿ ಕೂತು ಆನ್‌ಲೈನಿನಲ್ಲಿ ಕಟ್ಟುತ್ತೇವೆ. ಅದೇ ಮೇಜಿನ ಮೇಲೆ, ತೆರಿಗೆಗಾಗಿ ಇಲ್ಲಿನ ಮನೆಗೆ ಬೆಲೆ ಕಟ್ಟುವ ಅಪ್ರೈಸಲ್ ಡಿಸ್ಟ್ರಿಕ್ಟಿನ ಲಕೋಟೆ ಒಡೆಯದೆ ಬಿದ್ದಿರುತ್ತದೆ. ತರಕಾರಿ ಅಂಗಡಿಯಲ್ಲಿ ಬಿಡದೆ ಚೌಕಾಸಿ ಮಾಡುವ ಜನ ನಾವು, ಇಲ್ಲಿ ಮಾತ್ರ ಹೇಳಿದ ಬೆಲೆ ಒಪ್ಪಿಬಿಡುತ್ತೇವೆ. ಪಕ್ಕದ ಬೀದಿಯ ಮನೆಗಳ ಮಾರಾಟದ ಬೆಲೆ, ನಿಮ್ಮ ಗೋಡೆಯ ಬಿರುಕಿನ ಫೋಟೊ ಜೋಡಿಸಿ ಆಕ್ಷೇಪ ಸಲ್ಲಿಸಲು ಸಾಮಾನ್ಯವಾಗಿ ಮೇ 15ರವರೆಗೆ ಸಮಯವಿದೆ, ಅದಕ್ಕೆ ಶುಲ್ಕವೂ ಇಲ್ಲ.